ಕತ್ತರಿಮಾವನ ಗಂಟೆಯ ಬೆಲೆ

ವಾರಕ್ಕೆ ಹದಿನೇಳು ನೂರು ಲಾಭ ಬಂದರೆ ಆ ಬೈಂಡಿಂಗ್ ಕಾರ್ಖಾನೆ ಉಳಿಯುತ್ತಿತ್ತು, ಬಾರದಿದ್ದರೆ ಬೀಗ. ಕಟ್ಟಡದ ಮಾಲೀಕ ಬಾಡಿಗೆ ಏರಿಸಿದ ದಿನವೇ ಅಣ್ಣ ಆ ಅಂಕಿಯನ್ನು ಸೀಮೆಸುಣ್ಣದಿಂದ ಬಾಗಿಲಿನ ಹಿಂಬದಿಗೆ ಬರೆದಿದ್ದ. ಆಗ ಬರುತ್ತಿದ್ದುದು ಹದಿನಾಲ್ಕು ನೂರ ನಲವತ್ತು.

ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ. ಕಿಟಕಿಯ ಬೆಳಕು ಬೀಳುವ ಕಡೆ ಹೊಲಿಗೆ ಮೇಜು, ನಡುವೆ ಪಿನ್ನಿನ ಮೇಜು, ಕೊನೆಯಲ್ಲಿ ಹಲಗೆಯ ಮರೆಯಾಚೆ ಕಾಗದ ಕತ್ತರಿಸುವ ಯಂತ್ರ. ಅಲ್ಲಿ ಎರಡೇ ಬಗೆಯ ಸರಕು ಹುಟ್ಟುತ್ತಿತ್ತು: ಪಿನ್ನು ಹೊಡೆದ ನೋಟ್‌ಬುಕ್ಕು ಮತ್ತು ದಾರದಲ್ಲಿ ಹೊಲಿದ ದಪ್ಪ ರಿಜಿಸ್ಟರು. ತಂದೆ ಕಟ್ಟಿದ ಕಾರ್ಖಾನೆ. ಅವರ ನಂತರ ಅರ್ಧ ಅಣ್ಣನದು, ಅರ್ಧ ತಂಗಿಯದು. ಅಣ್ಣ ಕಾಗದ ಕೊಳ್ಳುತ್ತಿದ್ದ, ಸರಕು ಮಾರುತ್ತಿದ್ದ. ತಂಗಿ ಇಪ್ಪತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ, ಆ ವರ್ಷವಷ್ಟೇ ಕೆಲಸ ಬಿಟ್ಟು ಬಂದಿದ್ದಳು. ಕೆಲಸದವರು ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟಿದ್ದರು. ಹೊಗಳಿ ಇಟ್ಟದ್ದೋ ಹಂಗಿಸಿ ಇಟ್ಟದ್ದೋ ಅವಳು ವಿಚಾರಿಸಲಿಲ್ಲ.

"ಹೊಲಿಗೆ ಮೇಜು ಎತ್ತಿಬಿಡೋಣ," ಎಂದ ಅಣ್ಣ. "ಒಂದು ಕಟ್ಟು ರಿಜಿಸ್ಟರ್ ಹೊಲಿಯೋ ಹೊತ್ತಿಗೆ ಎರಡು ಕಟ್ಟು ನೋಟ್‌ಬುಕ್ ಮುಗಿಯುತ್ತೆ. ಇದಕ್ಕೆ ಕಾಲೇಜು ಓದಬೇಕಾ?"

"ಸೂಜಿಯಕ್ಕ?"

"ಅವಳ ಮೊಣಕಾಲಲ್ಲಿ ಪಿನ್ನಿನ ಮಿಷನ್ ತುಳಿಯೋಕಾಗಲ್ಲ. ಸೊಸೆ ಪಿನ್ನಿಗೆ ಬರಲಿ, ಅಕ್ಕ ಮನೇಲಿರಲಿ. ಬರಿಗೈಲಿ ಕಳಿಸ್ತೀನಿ ಅಂದ್ನಾ ನಾನು?"

ಸೂಜಿಯಕ್ಕ ಆ ಮೇಜಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಇಬ್ಬರು ಮಕ್ಕಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ಅವರ ಕೈಗೆ ಸೂಜಿ ಸಿಕ್ಕದ ಹಾಗೆ ಹೊಲಿದವಳು ಅವಳು. ಈ ಮಾತು ನಡೆಯುವಾಗ ಅವಳು ಹತ್ತು ಹೆಜ್ಜೆಯಾಚೆ ಕುಳಿತು ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಕಿವಿ ಮಂಜಾಗಿರಲಿಲ್ಲ.

"ಬಾಯಿಲೆಕ್ಕ ಬೇಡ ಅಣ್ಣಾ," ಎಂದಳು ತಂಗಿ. "ಕ್ರಮವಾಗಿ ಬಿಡಿಸ್ತೀನಿ. ಲೆಕ್ಕ ಏನು ಹೇಳುತ್ತೋ ಹಾಗೆ ಮಾಡೋಣ. ನೀನೂ ಒಪ್ಪಬೇಕು, ನಾನೂ ಒಪ್ಪಬೇಕು."

"ಬರೆದುಕೊಡು. ಒಪ್ಪಿದೆ."

ಈ ಬಗೆಯ ಲೆಕ್ಕಕ್ಕೆ ಸಿಂಪ್ಲೆಕ್ಸ್ ವಿಧಾನ ಎಂದು ಹೆಸರು. ಹೆಸರು ಕೇಳಿ ಹೆದರುವವರೇ ಹೆಚ್ಚು. ಒಳಗಿರುವುದು ಕೂಡು, ಕಳೆ, ಗುಣಿಸು, ಭಾಗಿಸು, ಇಷ್ಟೇ. ಇರುವ ಸಾಧನಗಳನ್ನು ಒಂದೊಂದು ಸಾಲಾಗಿ, ಮಾಡಬಹುದಾದ ಸರಕುಗಳನ್ನು ಒಂದೊಂದು ಕಂಬವಾಗಿ ಬರೆಯಬೇಕು. ಯಾವ ಸರಕು ಹೆಚ್ಚು ಲಾಭ ತರುತ್ತದೋ ಅದನ್ನು ಒಳಕ್ಕೆ ಕರೆಯಬೇಕು. ಅದನ್ನು ಮಾಡುತ್ತ ಹೋದರೆ ಯಾವ ಸಾಧನ ಮೊದಲು ಬರಿದಾಗುತ್ತದೆಂದು ಭಾಗಿಸಿ ನೋಡಿ, ಅಲ್ಲಿಗೇ ನಿಲ್ಲಬೇಕು. ಪಟ್ಟಿಯನ್ನು ಹೊಸದಾಗಿ ಬರೆದು ಮತ್ತೆ ಹುಡುಕಬೇಕು. ಇನ್ನು ಯಾವುದನ್ನು ಒಳಕ್ಕೆ ಕರೆದರೂ ಲಾಭ ಏರದು ಎಂದಾದಾಗ ಲೆಕ್ಕ ಮುಗಿಯಿತು.

ಅವಳು ಅಂಕಿಗಳನ್ನು ಕಲೆಹಾಕಿದಳು. ನೋಟ್‌ಬುಕ್ಕಿನ ಕಟ್ಟಿಗೆ ಮೂವತ್ತೆರಡು ಲಾಭ, ರಿಜಿಸ್ಟರಿನ ಕಟ್ಟಿಗೆ ನಲವತ್ತು. ಕೈಕೆಲಸ ನೋಟ್‌ಬುಕ್ಕಿಗೆ ಎರಡು ಗಂಟೆ, ರಿಜಿಸ್ಟರಿಗೆ ನಾಲ್ಕು. ಸೂಜಿಯಕ್ಕ, ಅವಳ ಸೊಸೆ, ಪಿನ್ನಿನ ಮೇಜಿನ ಪೂರ್ತಿ ದಿನದವನೊಬ್ಬ, ಅರ್ಧ ದಿನದವನೊಬ್ಬ, ಈ ನಾಲ್ವರ ಕೈಗಂಟೆ ಕೂಡಿ ವಾರಕ್ಕೆ ನೂರ ನಲವತ್ತು. ಕತ್ತರಿ ಯಂತ್ರದ್ದು ನಲವತ್ತು ಗಂಟೆ. ಒಂದು ಕಟ್ಟಿಗೆ ಯಂತ್ರ ಎಷ್ಟು ಹೊತ್ತು ಬೇಕೆಂಬುದು ಕತ್ತರಿಮಾವನ ಕೆಲಸದ ಪುಸ್ತಕದಲ್ಲಿತ್ತು. ಅವರು ಮೂವತ್ತು ವರ್ಷದಿಂದ ಆ ಯಂತ್ರ ನಡೆಸುತ್ತಿದ್ದವರು. ಅಣ್ಣತಂಗಿಯರಿಬ್ಬರೂ ಅವರನ್ನು ಮಾವ ಎಂದೇ ಕರೆದು ಬೆಳೆದವರು. ಅವರ ಬರಹ ಇರುವೆಸಾಲು. ಒಂದು ದಿನವೂ ತಪ್ಪಿಲ್ಲ. ನೋಟ್‌ಬುಕ್ಕಿಗೂ ಅರ್ಧ ಗಂಟೆ, ರಿಜಿಸ್ಟರಿಗೂ ಅರ್ಧ ಗಂಟೆ ಎಂದಿತ್ತು. ಅವಳು ಹಾಗೆಯೇ ಇಳಿಸಿಕೊಂಡಳು.

ಹೊಲಿಗೆ ಮೇಜಿನ ತುದಿಯಲ್ಲೇ ಕುಳಿತು ಬಿಡಿಸಲು ತೊಡಗಿದಳು. ಸೂಜಿಯಕ್ಕ ಇಣುಕಿದಳು.

"ಅಲ್ವೇ, ನನ್ನ ಹಣೆಬರಹ ಬರೆಯೋಕೆ ಇಷ್ಟು ಚಿಕ್ಕ ಹಾಳೆ ಸಾಕೇನೇ?"

"ಸುಮ್ಮನಿರಕ್ಕ, ಅಂಕಿ ತಪ್ಪುತ್ತೆ."

"ತಪ್ಪಲಿ ಬಿಡು. ಹೆಚ್ಚು ಬರೋ ಕಡೆಗೆ ತಪ್ಪಲಿ."

ಹೆಚ್ಚು ಲಾಭ ರಿಜಿಸ್ಟರಿನದು. ಅದನ್ನೇ ಮೊದಲು ಒಳಕ್ಕೆ ಕರೆದಳು. ಕೈಗಂಟೆ ಮೂವತ್ತೈದು ಕಟ್ಟಿಗೆ ಬರಿದಾಯಿತು. ಲಾಭ ಹದಿನಾಲ್ಕು ನೂರು. ಸೂಜಿಯಕ್ಕನ ಕಡೆ ನೋಡಿ ಮುಗುಳ್ನಗಬೇಕೆನ್ನಿಸಿತು. ನಗಲಿಲ್ಲ, ಏಕೆಂದರೆ ಲೆಕ್ಕ ಮುಗಿದಿರಲಿಲ್ಲ. ಪಟ್ಟಿಯನ್ನು ಹೊಸದಾಗಿ ಬರೆದಾಗ ನೋಟ್‌ಬುಕ್ಕಿನ ಕಂಬದಲ್ಲಿ ಹನ್ನೆರಡು ಉಳಿದಿತ್ತು. ಅಂದರೆ, ರಿಜಿಸ್ಟರನ್ನು ಅಷ್ಟಷ್ಟೇ ಬಿಟ್ಟುಕೊಟ್ಟು ನೋಟ್‌ಬುಕ್ ಮಾಡಿದರೆ ಕಟ್ಟಿಗೆ ಹನ್ನೆರಡು ಹೆಚ್ಚು. ಎಷ್ಟರವರೆಗೆ? ಕತ್ತರಿಯ ಸಾಲನ್ನು ಭಾಗಿಸಿದರೆ ತೊಂಬತ್ತು, ಕೈಕೆಲಸದ ಸಾಲನ್ನು ಭಾಗಿಸಿದರೆ ಎಪ್ಪತ್ತು. ಚಿಕ್ಕದು ಎಪ್ಪತ್ತು, ಅಲ್ಲಿಗೆ ನಿಲ್ಲಬೇಕು. ಮೊದಲು ಒಳಗೆ ಬಂದ ರಿಜಿಸ್ಟರು ಎರಡನೆಯ ಹೆಜ್ಜೆಯಲ್ಲಿ ಪೂರ್ತಿ ಹೊರಬಿತ್ತು. ನೋಟ್‌ಬುಕ್ ಎಪ್ಪತ್ತು ಕಟ್ಟು, ರಿಜಿಸ್ಟರು ಸೊನ್ನೆ, ಲಾಭ ಎರಡು ಸಾವಿರದ ಇನ್ನೂರ ನಲವತ್ತು. ಇನ್ನು ಹೊಲಿಯುವ ಪ್ರತಿ ಕಟ್ಟಿಗೂ ಇಪ್ಪತ್ತನಾಲ್ಕು ನಷ್ಟ.

ಪಟ್ಟಿಯ ಕೊನೆಯ ಸಾಲು ಇನ್ನೊಂದು ಮಾತನ್ನೂ ಹೇಳುತ್ತದೆ: ಯಾವ ಸಾಧನದ ಇನ್ನೊಂದು ಗಂಟೆ ಸಿಕ್ಕಿದರೆ ಲಾಭ ಎಷ್ಟು ಏರುತ್ತದೆ ಎಂಬುದನ್ನು. ಕೈಗಂಟೆಯ ಬೆಲೆ ಹದಿನಾರು. ಕತ್ತರಿಯ ಗಂಟೆಯ ಬೆಲೆ ಸೊನ್ನೆ.

ಮೂರು ಸಲ ತಾಳೆ ನೋಡಿದಳು. ತಪ್ಪಿರಲಿಲ್ಲ. ತಾನೇ ಹಾಕಿಕೊಂಡ ಉರುಳು, ಬಿಚ್ಚಲು ದಾರಿಯಿಲ್ಲ. ಹಾಳೆಯನ್ನು ಅಣ್ಣನಿಗೆ ಕೊಟ್ಟಳು.

ಅಣ್ಣ ಹಿಗ್ಗಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬೇಕು. "ಈ ವಾರ ಹೀಗೇ ನಡೆಸಿ ನೋಡೋಣ. ಶುಕ್ರವಾರ ಹೊಲಿಗೆ ಚೌಕಟ್ಟು ಕೊಳ್ಳೋಕೆ ಹಳೇ ಸಾಮಾನಿನವನು ಬರ್ತಾನೆ. ಅಕ್ಕನಿಗೆ ನೀನೇ ಹೇಳು, ನನ್ನ ಬಾಯಿ ಏಳಲ್ಲ."

ಅವಳೇ ಹೇಳಿದಳು. ಸೂಜಿಯಕ್ಕ ಸೂಜಿಯನ್ನು ಸೆರಗಿನ ಅಂಚಿಗೆ ಚುಚ್ಚಿದಳು. ಆಮೇಲೆ, "ನೀನು ಸುಳ್ಳು ಬರೆಯೋಳಲ್ಲ. ಅಷ್ಟು ಗೊತ್ತು ನಂಗೆ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಸೋಮವಾರ ಎರಡು ಪಿನ್ನಿನ ಯಂತ್ರ ಬಾಡಿಗೆಗೆ ಬಂದವು. ಅಕ್ಕನ ಜಾಗಕ್ಕೆ ಆ ವಾರದ ಮಟ್ಟಿಗೆ ಕಾಲು ಗಟ್ಟಿಯಿರುವ ಹೆಂಗಸೊಬ್ಬಳು ಬಂದಳು. ದಿನಕ್ಕೆ ಹದಿನಾಲ್ಕು ಕಟ್ಟು ಎಂಬ ಲೆಕ್ಕ. ಸಂಜೆಗೆ ಹದಿನಾಲ್ಕು ಕಟ್ಟು ಪಿನ್ನಾಗಿ ಹಲಗೆಯ ಮರೆಗೆ ಹೋಯಿತು. ಮಂಗಳವಾರವೂ ಹದಿನಾಲ್ಕು. ಆದರೆ ಪ್ಯಾಕಿಂಗಿಗೆ ಹೊರಬಂದದ್ದು ಎರಡೂ ದಿನ ಕೂಡಿ ಹದಿನೆಂಟೇ.

"ಮಾವನಿಗೆ ವಯಸ್ಸಾಯ್ತು," ಎಂದ ಅಣ್ಣ. "ಅವರದೇ ಪುಸ್ತಕದ ಪ್ರಕಾರ ದಿನಕ್ಕೆ ಏಳು ಗಂಟೆ ಕೆಲಸ. ಎಂಟು ಗಂಟೆ ಮಿಷನ್ ಓಡ್ತಿದೆ. ಉಳಿದ ಹತ್ತು ಕಟ್ಟು ಎಲ್ಲಿ ನಿದ್ದೆ ಹೊಡೀತಿದೆ?"

ಅವಳಿಗೆ ಇದು ಸರಿಕಾಣಲಿಲ್ಲ. ಅಂಕಿಗೂ ಕಣ್ಣಿಗೂ ತಾಳೆಯಾಗದಿದ್ದರೆ ಎರಡರಲ್ಲಿ ಒಂದು ಸುಳ್ಳು. ಇಪ್ಪತ್ತು ವರ್ಷ ಅವಳು ಕಲಿಸಿದ್ದು ಅದನ್ನೇ. ಬುಧವಾರ ಬೆಳಗ್ಗೆ ಆರೂವರೆಗೇ ಹೊರಟು ಬಂದಳು. ಕಾರ್ಖಾನೆ ತೆರೆಯುವುದು ಎಂಟೂವರೆಗೆ. ಬೀಗದ ಕೈ ಇದ್ದದ್ದು ಕತ್ತರಿಮಾವನ ಬಳಿ. ಬೀದಿಯ ತಿರುವಿನಲ್ಲೇ ಯಂತ್ರದ ಸದ್ದು ಕೇಳಿಸಿತು.

ಒಳಗೆ ಕಾಗದದ ಸೀಳುಗಳು ಕಣಕಾಲಿನ ಮಟ್ಟ ಬಿದ್ದಿದ್ದವು. ಕತ್ತರಿಮಾವ ಪಿನ್ನಾದ ನೋಟ್‌ಬುಕ್ಕುಗಳ ಒಂದು ಅಡಕನ್ನು ತಟ್ಟಿ ಕೂಡಿಸಿ, ಅಂಚನ್ನು ಹಿಡಿಗೆ ಕೊಟ್ಟು ಅಲಗನ್ನು ಇಳಿಸುತ್ತಿದ್ದರು. ಒಂದು ಮಗ್ಗುಲು, ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮತ್ತೊಂದು. ಕಣ್ಣು ಕೆಂಪಾಗಿತ್ತು, ಅಲಗು ಮಾತ್ರ ಗೆರೆ ತಪ್ಪುತ್ತಿರಲಿಲ್ಲ.

"ಇದೇನ್ ಮಾವ?"

"ಏನಿಲ್ಲ ತಾಯಿ. ಅಂಚು ಸಮ ಮಾಡ್ತಿದ್ದೆ."

ಹಾಳೆಯನ್ನು ಅಳತೆಗೆ ಕತ್ತರಿಸಿ, ಪಿನ್ನು ಹೊಡೆದು ಮಡಿಸಿದ ನೋಟ್‌ಬುಕ್ಕಿನ ಒಳಹಾಳೆಗಳು ಹೊರಹಾಳೆಗಿಂತ ಕೂದಲೆಳೆಯಷ್ಟು ಮುಂದಕ್ಕೆ ಚಾಚುತ್ತವೆ. ಅವನ್ನು ಮತ್ತೊಮ್ಮೆ ಕತ್ತರಿಸಿ ಸಮ ಮಾಡಿದರೇ ಪುಸ್ತಕಕ್ಕೆ ಮುಖ. ರಿಜಿಸ್ಟರಿಗಾದರೆ ಅಳತೆಗೆ ಸಿದ್ಧವಾದ ಹಾಳೆಯೇ ಬರುತ್ತದೆ. ಹೊಲಿದ ಮೇಲೆ ಒಂದೇ ಕತ್ತರಿ. ಈ ಎರಡನೆಯ ಕತ್ತರಿ ಇದೆಯೆಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಯಾವಾಗ ಆಗುತ್ತದೆಂದು ಯಾರೂ ಕೇಳಿರಲಿಲ್ಲ. ಲೆಕ್ಕದಮ್ಮನೂ ಕೇಳಿರಲಿಲ್ಲ.

"ಇದು ನಿಮ್ಮ ಪುಸ್ತಕದಲ್ಲಿಲ್ಲ."

"ಇದು ಕೆಲಸ ಅಲ್ಲ ತಾಯಿ. ಅದಕ್ಕೇ ಬರೆದಿಲ್ಲ."

"ಯಾವಾಗ ಮಾಡ್ತೀರಿ?"

"ಬೆಳಗ್ಗೆ ಒಂದು ಗಂಟೆ, ಎಲ್ಲರೂ ಊಟಕ್ಕೆ ಕೂತಾಗ ಒಂದು ಗಂಟೆ. ಮೊದಲು ದಿನಕ್ಕೆ ನಾಲ್ಕೇ ಕಟ್ಟು, ಸಾಕಾಗ್ತಿತ್ತು. ಈಗ ಹದಿನಾಲ್ಕು ಮಾಡಿಬಿಟ್ರಿ ನೋಡಿ, ಸ್ವಲ್ಪ ಬೇಗ ಬರ್ತೀನಿ." ಅವರು ಹೇಳಿದ ಈ 'ಸ್ವಲ್ಪ' ಎಂದರೆ ಬೆಳಗಿನ ಜಾವ ನಾಲ್ಕು ಗಂಟೆ.

"ಕೆಲಸದ ಹೊತ್ತಲ್ಲಿ ಯಾಕೆ ಮಾಡಲ್ಲ?"

ಕತ್ತರಿಮಾವ ಯಂತ್ರದ ಹಿಡಿಯನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಾನು ಸೇರಿದ ತಿಂಗಳು, ಒಂದು ಇಡೀ ಲಾಟು ಓರೆ ಕತ್ತರಿಸಿದ್ದೆ. ಎಲ್ಲಾ ರದ್ದಿ. ಬೇರೆ ಯಾರಾದ್ರೂ ಆಗಿದ್ರೆ ಅವತ್ತೇ ಓಡಿಸ್ತಿದ್ರು. ನಿಮ್ಮಪ್ಪ ಒಂದು ಮಾತು ಬೈಲಿಲ್ಲ. 'ಅಂಚು ಸಮ ಇರಲಿ ಕಣಯ್ಯ, ಅಷ್ಟೆ' ಅಂದ್ರು. ಅವತ್ತಿಂದ ಇದು ಅವರಿಗೆ ಅಂತ ಎತ್ತಿಟ್ಟಿರೋ ಹೊತ್ತು. ಸಂಬಳದ ಹೊತ್ತಲ್ಲಿ ಮಾಡಿದ್ರೆ ಅದು ಸಂಬಳದ ಕೆಲಸ ಆಗಿಹೋಗುತ್ತೆ. ಅವರಿಗೆ ನಾನು ಕೊಟ್ಟ ಹಾಗೆ ಹೇಗಾಗುತ್ತೆ?"

ಅವಳು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಳು. ಮೂವತ್ತು ವರ್ಷ, ದಿನಕ್ಕೆ ಎರಡು ಗಂಟೆ. ಅವಳ ಮನಸ್ಸು ತಾನಾಗಿಯೇ ಗುಣಿಸಲು ಹೊರಟಿತು, ತಡೆದಳು. ಕೆಲವನ್ನು ಗುಣಿಸುವುದು ಅಗೌರವ. ಮಾವನ ಕಾಲು ಮುಟ್ಟಬೇಕೆನ್ನಿಸಿತು, ಬೈಯಬೇಕೆಂದೂ ಅನ್ನಿಸಿತು. ಕೊನೆಗೆ ಬೈದಳು.

"ನೀವು ಬರೆಯದೇ ಇದ್ದದ್ದಕ್ಕೆ ಅಕ್ಕನ ಮೇಜು ಹೋಗ್ತಿದೆ ಮಾವ! ನಿಮ್ಮ ಪುಸ್ತಕ ನಂಬಿ ನಾನು ಬರೆದೆ. ನೋಟ್‌ಬುಕ್ಕಿಗೆ ಅರ್ಧ ಗಂಟೆ ಅಂದ್ರಿ. ನಿಜಕ್ಕೂ ಎಷ್ಟು?"

ಕತ್ತರಿಮಾವನ ಮುಖ ಇಳಿಯಿತು. "ಇದೂ ಸೇರಿದ್ರೆ... ಇನ್ನೊಂದು ಅರ್ಧ. ನಂಗೆ ತಿಳೀಲಿಲ್ಲ ತಾಯಿ. ಅಕ್ಕನ ಅನ್ನಕ್ಕೆ ನಾನು ಕಲ್ಲು ಹಾಕ್ತೀನಾ?"

ಅವಳು ಗಡಿಯಾರ ಹಿಡಿದು ಒಂದು ಕಟ್ಟನ್ನು ಪೂರ್ತಿ ಅಳೆದಳು. ಮೂವತ್ತು ನಿಮಿಷ. ಎರಡನೆಯದನ್ನೂ ಅಳೆದಳು; ಇಪ್ಪತ್ತೊಂಬತ್ತೂವರೆ. ಕಟ್ಟಿಗೆ ಒಟ್ಟು ಒಂದು ಗಂಟೆ ಎಂದಾಯಿತು.

ಅಣ್ಣ ಬರುವ ಹೊತ್ತಿಗೆ ಅವಳು ಪಿನ್ನಿನ ಮೇಜಿನ ಮೇಲೆ ಒಂದು ಅಗಲವಾದ ಪ್ಯಾಕಿಂಗ್ ಕಾಗದ ಹಾಸಿ ಕಾದಿದ್ದಳು. ನಡೆದದ್ದನ್ನು ಹೇಳಿ, ಅವನ ಎದುರಿಗೇ ಮತ್ತೆ ಬಿಡಿಸಿದಳು. ಮೊದಲ ಹೆಜ್ಜೆ ಹಿಂದಿನದೇ: ರಿಜಿಸ್ಟರು ಮೂವತ್ತೈದು, ಲಾಭ ಹದಿನಾಲ್ಕು ನೂರು. ಎರಡನೆಯ ಹೆಜ್ಜೆಯಲ್ಲಿ ನೋಟ್‌ಬುಕ್ ಒಳಕ್ಕೆ ಬರಬೇಕು, ಕಟ್ಟಿಗೆ ಹನ್ನೆರಡು ಹೆಚ್ಚು. ಕೈಕೆಲಸದ ಸಾಲು ಹಿಂದಿನಂತೆಯೇ ಎಪ್ಪತ್ತು ಎಂದಿತು. ಆಮೇಲೆ ಕತ್ತರಿಯ ಸಾಲು. ಮೂವತ್ತೈದು ರಿಜಿಸ್ಟರು ಕಳೆದು ಯಂತ್ರದಲ್ಲಿ ಉಳಿದ ಇಪ್ಪತ್ತೆರಡೂವರೆ ಗಂಟೆಯನ್ನು, ಹೀಗೆ ಬದಲಿಸುವ ಕಟ್ಟೊಂದು ತಿನ್ನುವ ಮುಕ್ಕಾಲು ಗಂಟೆಯಿಂದ ಭಾಗಿಸಿದರೆ ಮೂವತ್ತು.

"ಎಪ್ಪತ್ತಕ್ಕಿಂತ ಮೂವತ್ತು ಚಿಕ್ಕದು. ನೋಟ್‌ಬುಕ್ ಮೂವತ್ತಕ್ಕೇ ನಿಲ್ಲಬೇಕು. ರಿಜಿಸ್ಟರ್ ಪೂರ್ತಿ ಹೊರಗೆ ಬೀಳಲ್ಲ, ಇಪ್ಪತ್ತು ಉಳಿಯುತ್ತೆ. ಲಾಭ ಹದಿನೇಳು ನೂರ ಅರವತ್ತು."

"ನನ್ನ ಎರಡು ಸಾವಿರದ ಚಿಲ್ಲರೆ ಎಲ್ಲೋಯ್ತು?"

"ಅದು ಯಾವತ್ತೂ ಇರಲಿಲ್ಲ ಅಣ್ಣಾ. ಮಾವನ ನಿದ್ದೆ ಕದ್ದು ಬರೆದಿದ್ದ ಅಂಕಿ ಅದು."

ಅಣ್ಣ ವ್ಯಾಪಾರಿ, ಒಂದೇ ಮಾತಿಗೆ ಬಗ್ಗುವವನಲ್ಲ. ಸಮ ಮಾಡದ ನೋಟ್‌ಬುಕ್ಕೊಂದನ್ನು ಎತ್ತಿ ತಿರುಗಿಸಿ ನೋಡಿದ. "ಈ ಎರಡನೇ ಕತ್ತರಿನೇ ಬೇಡ ಅಂದ್ರೆ? ಇಷ್ಟು ಏರುಪೇರು ಯಾರು ನೋಡ್ತಾರೆ? ಬರೆಯೋರು ನಡುವೆ ಬರೀತಾರೆ, ಅಂಚಲ್ಲಲ್ಲ."

"ನೋಡ್ತಾರೋ ಇಲ್ಲವೋ ನೀನೇ ನೋಡು. ಒಂದು ಕಟ್ಟು ಕಳಿಸು."

ಎದುರು ಸಾಲಿನ ಸ್ಟೇಷನರಿ ಅಂಗಡಿಯವರು ಅವರ ಹಳೆಯ ಗಿರಾಕಿ. ಅಣ್ಣ ತಾನೇ ಒಂದು ಕಟ್ಟನ್ನು ಹೆಗಲ ಮೇಲೆ ಹೊತ್ತು ಕೊಟ್ಟು ಬಂದ. ಬಂದು ಕುಳಿತ. ಕಾಲು ಗಂಟೆಯೂ ಆಗಿರಲಿಲ್ಲ. ಅಂಗಡಿಯವರೇ ಕಟ್ಟನ್ನು ಅಪ್ಪಿಕೊಂಡು ಬಾಗಿಲಲ್ಲಿ ನಿಂತರು.

"ಏನ್ ಸ್ವಾಮಿ, ಇಲಿಗೆ ತಿನ್ನಿಸಿ ಉಳಿದದ್ದು ನನಗೆ ಕಳಿಸಿದ್ರಾ?"

"ಅಂಚು ಸ್ವಲ್ಪ..."

"ಸ್ವಲ್ಪನಾ? ಬೆರಳಿಟ್ರೆ ಗರಗಸ ಸವರಿದ ಹಾಗಿದೆ. ನಿಮ್ಮಲ್ಲಿ ಯಾಕೆ ಕೊಳ್ತೀನಿ ನಾನು? ಅಗ್ಗ ಅಂತಲಾ? ಪಕ್ಕದ ಬೀದೀಲಿ ನಿಮಗಿಂತ ಅಗ್ಗ ಸಿಗುತ್ತೆ. ಒಂದು ಹಾಳೆ ಇಣುಕಿದ್ದು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ, ಅದಕ್ಕೆ!" ಕಟ್ಟನ್ನು ಮೇಜಿನ ಮೇಲೆ ಇಳಿಸಿ, ಹಲಗೆಯ ಮರೆಯ ಕಡೆ ಕತ್ತು ಚಾಚಿದರು. "ಕತ್ತರಿಯವರು ಹುಷಾರಿದ್ದಾರೆ ತಾನೆ?"

"ಇದ್ದಾರೆ," ಎಂದಳು ತಂಗಿ. "ನಾವೇ ಹುಷಾರಿರಲಿಲ್ಲ."

ಅವರು ಹೋದ ಮೇಲೆ ಅಣ್ಣ ಆ ಕಟ್ಟಿನಿಂದ ಒಂದು ಪುಸ್ತಕ ಎತ್ತಿಕೊಂಡ. ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಕೊನೆಗೆ ಪ್ಯಾಕಿಂಗ್ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಇದೇನಿದು, ಇಲ್ಲಿ ಹದಿನಾರು?"

"ಕತ್ತರಿಯ ಗಂಟೆಯ ಬೆಲೆ. ಮಾವನ ಇನ್ನೊಂದು ಗಂಟೆ ಸಿಕ್ಕಿದರೆ ಕಾರ್ಖಾನೆಗೆ ಹದಿನಾರು ಹೆಚ್ಚು. ಕೈಗಂಟೆಗೆ ಎಂಟೇ."

"ಹೋದ ಸಲ?"

"ಸೊನ್ನೆ."

ಹಲಗೆಯ ಮರೆಯಿಂದ ಕತ್ತರಿಮಾವ ಯಾವಾಗಲೋ ಈಚೆ ಬಂದು ನಿಂತಿದ್ದರು. ಅಣ್ಣ ಎದ್ದು ನಿಂತ. ತಂದೆಯ ಎದುರಿಗೆ ಬಿಟ್ಟರೆ ಯಾರ ಎದುರಿಗೂ ಹಾಗೆ ಎದ್ದು ನಿಂತವನಲ್ಲ.

"ಮಾವ, ನಾನು ನಿಮಗೆ ವಯಸ್ಸಾಯ್ತು ಅಂದಿದ್ದೆ."

"ಆಗಿದೆಯಲ್ಲಪ್ಪ. ಅದರಲ್ಲೇನು ಸುಳ್ಳು?"

"ಅಪ್ಪನಿಗೆ ಕೊಡಬೇಕಾದ್ದನ್ನ ನೀವು ಯಾವತ್ತೋ ಕೊಟ್ಟು ಮುಗಿಸಿದ್ದೀರಿ. ಈ ಎಷ್ಟೋ ವರ್ಷ ನಮಗೇ ಕೊಟ್ಟಿದ್ದು. ನಮಗೆ ಗೊತ್ತೇ ಆಗಲಿಲ್ಲ."

"ಗೊತ್ತಾಗಲಿ ಅಂತ ಮಾಡಲಿಲ್ಲವಲ್ಲ."

"ಅದೇ ತಪ್ಪು," ಎಂದಳು ತಂಗಿ. "ನಾಳೆಯಿಂದ ಎರಡು ಕತ್ತರಿಯನ್ನೂ ಬರೀಬೇಕು, ಎರಡಕ್ಕೂ ಸಂಬಳ. ಅಪ್ಪನಿಗೆ ಅಂತ ಕೊಡಲೇಬೇಕಾದ್ರೆ ಇನ್ನೇನಾದ್ರೂ ಹುಡುಕಿ. ನಿದ್ದೆ ಬೇಡ, ಊಟ ಬೇಡ."

ಕತ್ತರಿಮಾವ ತಲೆ ಕೆರೆದುಕೊಂಡರು. "ಹದಿನಾರಾ? ನಿಮ್ಮಪ್ಪ ಇದ್ದಿದ್ರೆ ಚೌಕಾಸಿ ಮಾಡಿ ಹನ್ನೆರಡಕ್ಕೆ ಇಳಿಸ್ತಿದ್ರು."

"ಇದು ಇಳಿಯೋ ಅಂಕಿ ಅಲ್ಲ ಮಾವ."

ಸೂಜಿಯಕ್ಕನಿಗೆ ಹೇಳಲು ಈ ಸಲ ಅಣ್ಣನೇ ಹೋದ. ಅವಳ ಮನೆ ಎರಡು ಬೀದಿಯಾಚೆ, ಮಹಡಿಯ ಮೇಲೆ. ತಂಗಿ ಮೆಟ್ಟಿಲ ಬುಡದಲ್ಲೇ ನಿಂತಳು. ಮಾತು ಅಲ್ಲಿಗೇ ಕೇಳಿಸುತ್ತಿತ್ತು. ಅಣ್ಣ ಬಾಡಿಗೆಯಿಂದ ಆರಂಭಿಸಿ ಕೂದಲೆಳೆಯಷ್ಟು ಚಾಚುವ ಒಳಹಾಳೆಯವರೆಗೂ ಬಂದ.

"ಪುರಾಣ ಸಾಕು ಕಣೋ," ಎಂದಿತು ಅಕ್ಕನ ದನಿ. "ನಾಳೆ ಬರಬೇಕೋ ಬೇಡವೋ, ಅಷ್ಟು ಹೇಳು."

"ಬರಬೇಕಕ್ಕ. ನೀನೂ ನಿನ್ನ ಸೊಸೆಯೂ ಸೇರಿ ವಾರಕ್ಕೆ ಇಪ್ಪತ್ತು ಕಟ್ಟು. ಒಂದೂ ಕಡಿಮೆ ಆಗಬಾರದು."

"ಹೆಚ್ಚಾದ್ರೆ?"

"ಹೆಚ್ಚಾದ್ರೂ ಲೆಕ್ಕ ಕೆಡುತ್ತಂತೆ, ನಿನ್ನ ಮುದ್ದಿನ ಲೆಕ್ಕದಮ್ಮ ಹೇಳ್ತಾಳೆ."

"ಕೆಳಗೆ ನಿಂತಿದ್ದಾಳಲ್ಲ, ಮೇಲೆ ಬರೋಕೆ ಹೇಳು. ಲೆಕ್ಕ ಹಾಕಿ ಹಾಕಿ ಮುಖ ಒಣಗಿರುತ್ತೆ."

ಶುಕ್ರವಾರ ಹಳೇ ಸಾಮಾನಿನವನು ಬಂದು, ಹೊಲಿಗೆ ಚೌಕಟ್ಟಿನಲ್ಲಿ ದಾರ ಬಿಗಿದಿರುವುದನ್ನು ಕಂಡು, ಗೊಣಗುತ್ತ ಬರಿಗೈಯಲ್ಲಿ ಮರಳಿದ. ಬಾಡಿಗೆಯ ಯಂತ್ರಗಳೂ ಹೋದವು. ಮುಂದಿನ ವಾರದ ಲಾಭ ಹದಿನೇಳು ನೂರ ಅರವತ್ತೇ ಬಂದಿತೆಂದು ಹೇಳಿದರೆ ಕಥೆಗೆ ಚೆಂದ. ಬಂದದ್ದು ಹದಿನೇಳು ನೂರ ನಲವತ್ತೆರಡು. ಒಂದು ರೀಮು ಕಾಗದ ಒದ್ದೆಯಾಗಿತ್ತು. ಬಾಗಿಲು ತೆರೆದಿರಲು ಅಷ್ಟು ಸಾಲುತ್ತಿತ್ತು.

ಅಕ್ಕ ಮೇಜಿಗೆ ಮರಳಿದ ಗುರುವಾರ ಒಂದು ಗಂಟೆಗೆ ಎಲ್ಲರೂ ಬುತ್ತಿ ಬಿಚ್ಚಿದಾಗ ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಯಂತ್ರ ನಿಂತಿತ್ತು. ಹಲಗೆಯ ಮರೆಯಿಂದ ಕತ್ತರಿಮಾವ ತಮ್ಮ ಡಬ್ಬಿ ಹಿಡಿದು ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಹೊಸ ನೆಂಟನ ಹಾಗೆ ನಿಂತರು. ಮೂವತ್ತು ವರ್ಷದಲ್ಲಿ ಆ ಮೇಜಿನಲ್ಲಿ ಅವರಿಗೆಂದು ಒಂದು ಜಾಗವೇ ಹುಟ್ಟಿರಲಿಲ್ಲ.

ಸೂಜಿಯಕ್ಕ ದಾರದ ಉಂಡೆಗಳನ್ನು ಪಕ್ಕಕ್ಕೆ ಸರಿಸಿದಳು.

"ಬಾ, ಕೂತ್ಕೋ. ಇಷ್ಟು ದಿನ ನೀನು ಮೂಗು ಮೇಲೆತ್ತಿಕೊಂಡು, ನಮ್ಮ ಜೊತೆ ತಿನ್ನಬಾರದು ಅಂತಲೇ ಮಿಷನ್ ಓಡಿಸ್ತೀಯ ಅಂದ್ಕೊಂಡಿದ್ದೆ. ನಿಂಗೆ ಎಷ್ಟು ಬೈದಿದ್ದೀನಿ ಗೊತ್ತಾ?"

"ಕೇಳಿಸ್ತಿತ್ತು," ಎಂದರು ಕತ್ತರಿಮಾವ, ಕೂರುತ್ತ. "ಹಲಗೆ ತೆಳು."

ಅಕ್ಕ ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡು, ತನ್ನ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಪಾಲು ತೆಗೆದು ಅವರ ಮುಂದಿಟ್ಟಳು. ಲೆಕ್ಕದಮ್ಮ ಅವರಿಗೆ ನೀರು ತರಲು ಎದ್ದಳು.